ಯೊಕೊತೆಯ ಹಿಮದ ಗುಡಿಗಳು

ಜಪಾನೆಂದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ವಸಂತಕಾಲದ ಚೆರಿ ಹೂವೇ ನೆನಪಾಗುವುದು ಸಹಜ. ಆದರೆ ಆ ದೇಶವನ್ನು ಮಾಘದ ಚಳಿಯಲ್ಲಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ; ಅದರಲ್ಲಿಯೂ ಹೊನ್‌ಷೂ ದ್ವೀಪದ ಉತ್ತರಕ್ಕಿರುವ ಅಕಿತಾ ಸೀಮೆಯ ಯೊಕೊತೆ ಪಟ್ಟಣವನ್ನು.

ಸೈಬೀರಿಯದ ಕಡೆಯಿಂದ ಬೀಸುವ ಶೀತಗಾಳಿಯು ಜಪಾನು ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು, ದ್ವೀಪದ ನಡುವಣ ಬೆಟ್ಟಸಾಲಿಗೆ ತಾಗಿ ಹಿಮವಾಗಿ ಸುರಿಯುತ್ತದೆ. ನೋಡಬಂದವರಿಗೆ ಇದು ಚೆಲುವು. ಅಲ್ಲಿಯ ಗೃಹಸ್ಥರಿಗೆ ಹೊರೆ. ಮಾಡಿನ ಮೇಲಿನ ಹಿಮವನ್ನು ಆಗಾಗ ಕೆಳಗಿಳಿಸದಿದ್ದರೆ ಮನೆಯೇ ಕುಸಿದೀತು. ಇಳಿಸಲು ಏರಿದವರು ಜಾರಿ ಬಿದ್ದು ಪ್ರಾಣ ಕಳೆದುಕೊಳ್ಳುವುದೂ ಆ ದೇಶದಲ್ಲಿ ಪ್ರತಿ ಚಳಿಗಾಲದಲ್ಲಿ ಉಂಟು; ಅವರಲ್ಲಿ ವೃದ್ಧರೇ ಹೆಚ್ಚು.

ಇಂತಹ ಹಿಮದಿಂದಲೇ ಫೆಬ್ರವರಿಯ ನಡುವೆ ಊರಿನವರು ಗುಡಿ ಕಟ್ಟುತ್ತಾರೆ. ಅದಕ್ಕೆ 'ಕಮಾಕುರ' ಎಂದು ಹೆಸರು. ಹಿಮವನ್ನು ಆಳೆತ್ತರಕ್ಕೂ ಮೀರಿ ಗುಡ್ಡೆ ಹಾಕಿ, ತುಳಿದು, ಗಟ್ಟಿಯಾಗಲು ಬಿಟ್ಟು, ಆಮೇಲೆ ಒಳಗನ್ನು ತೋಡಿ ತೆಗೆಯುವರು. ಹಿಂದಿನ ಗೋಡೆಯ ಗೂಡಿನಲ್ಲಿ ಜಲದೇವತೆಗೆ ಪೂಜೆ. ನಡುವೆ ಇದ್ದಿಲ ಅಗ್ಗಿಷ್ಟಿಕೆ. ಹೊರಗೆ ಎಷ್ಟೇ ಗಾಳಿ ಬೀಸಲಿ, ಒಳಗೆ ಅಷ್ಟು ಚಳಿಯಿಲ್ಲ. ಹಿಮದ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಬೇಗನೆ ಹೊರಹೋಗಗೊಡದು.

ಈ ಗುಡಿಗೆ ಯಜಮಾನರು ಮಕ್ಕಳು! ಸಂಜೆಯಾಯಿತೆಂದರೆ ಅವರು ಒಳಗೆ ಕುಳಿತು, ದಾರಿಯಲ್ಲಿ ಹೋಗುವವರನ್ನು 'ಹೈತ್ತೆ ತಾನ್ಸೆ', ಅಂದರೆ 'ಒಳಗೆ ದಯಮಾಡಿಸಿ', ಎಂದು ಆ ಸೀಮೆಯ ಆಡುನುಡಿಯಲ್ಲಿ ಕರೆಯುತ್ತಾರೆ. ನಾವು ಪಾದರಕ್ಷೆ ಕಳಚಿ, ಬಗ್ಗಿ ಒಳಹೊಕ್ಕು, ದೇವತೆಗೆ ಕೈಮುಗಿದು ಕಾಣಿಕೆ ಹಾಕಿದರೆ, ಕೆಂಡದ ಮೇಲೆ ಸುಟ್ಟ ಅಕ್ಕಿಯ ಮೋಚಿಯನ್ನೂ ಬಿಸಿಬಿಸಿ ಅಮಾಜಾಕೆಯನ್ನೂ ಕೊಡುವರು. ಅನ್ನವನ್ನು ಹುದುಗಿಸಿ ಮಾಡುವ ಈ ಸಿಹಿ ಪಾನೀಯವು ನೋಟಕ್ಕೆ ನಮ್ಮ ಗಂಜಿಯಂತೆಯೇ. ಜರ್ಮನಿಯ ವಾಸ್ತುಶಿಲ್ಪಿ ಬ್ರೂನೋ ಟೌಟ್ 1936ರಲ್ಲಿ ಈ ಹಬ್ಬವನ್ನು ಕಂಡು ಬಹಳವಾಗಿ ಮೆಚ್ಚಿ ಬರೆದಿದ್ದಾರೆ.

ಹೊಕ್ಕಾಯಿದೋ ದ್ವೀಪದ ಸಪ್ಪೊರೊ ನಗರದ ಹಿಮೋತ್ಸವವು ಇದಕ್ಕಿಂತ ಎಷ್ಟೋ ದೊಡ್ಡದು. 1950ರಲ್ಲಿ ವಿದ್ಯಾರ್ಥಿಗಳು ಮಾಡಿದ ಆರು ಹಿಮಪ್ರತಿಮೆಗಳಿಂದ ಆರಂಭವಾದ ಅದಕ್ಕೆ ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿ ಮೂರ್ತಿಗಳನ್ನು ನೋಡಿ ಮುಂದೆ ಸಾಗುವುದೇ ಕೆಲಸ. ಮಕ್ಕಳ ಕೈಯ ಉಪಚಾರ ಬೇಕಾದವರು ಯೊಕೊತೆಗೇ ಬರಬೇಕು.

ಆದರೆ ಆ ಮಕ್ಕಳೇ ಈಗ ಕಡಮೆಯಾಗುತ್ತಿದ್ದಾರೆ. ಇಡೀ ಜಪಾನಿನಲ್ಲಿ ವೃದ್ಧರ ಪಾಲು ಅತಿ ಹೆಚ್ಚಾಗಿರುವುದು ಅಕಿತಾ ಸೀಮೆಯಲ್ಲಿಯೇ. ಹಿಮವಿದ್ದು, ಕಟ್ಟಬಲ್ಲವರಿದ್ದು, ಒಳಗೆ ಕೂರಲು ಎಳೆಯರಿಲ್ಲದ ಗುಡಿಯನ್ನು ನೆನೆದರೆ ಮನಸ್ಸಿಗೆ ಹಿಡಿಸದು. ಹೋಗಬಯಸುವವರು ಟೋಕಿಯೋದಿಂದ ವೇಗದ ರೈಲಿನಲ್ಲಿ ಕಿತಾಕಾಮಿಗೋ ಓಮಗಾರಿಗೋ ಹೋಗಿ, ಅಲ್ಲಿಂದ ಸಣ್ಣ ರೈಲು ಹಿಡಿಯಬೇಕು. ಕತ್ತಲಾಗುವ ಮುನ್ನ ಹಿಂದಿರುಗದಿರಲಿ: ಯೊಕೊತೆ ಹೊಳೆಯ ದಂಡೆಯಲ್ಲಿ ಇಂತಹವೇ ಪುಟ್ಟ ಪುಟ್ಟ ಗುಡಿಗಳು ನೂರಾರು, ಒಂದೊಂದರಲ್ಲಿಯೂ ಮೇಣದಬತ್ತಿ ಉರಿಯುತ್ತಿರುತ್ತದೆ.