ನಿಲ್ಲಿಸುವ ವಿದ್ಯೆ

ಇಂದು ಮುಂಜಾನೆ ಅಂಗಳದಲ್ಲಿ ಹಳೆಯ ಯೆಜ್ಡಿ ಬೈಕಿನ ಮುಂದಿನ ಗಾಲಿಯನ್ನು ಕಳಚಿಟ್ಟು, ಬ್ರೇಕ್ ಶೂಗಳನ್ನು ಬದಲಿಸಲೆಂದು ಕುಳಿತಿದ್ದಾಗ, ಬೀದಿಯಲ್ಲಿ ಹೋಗುತ್ತಿದ್ದ ತರುಣನೊಬ್ಬನು ಗೇಟಿನ ಬಳಿ ನಿಂತು, "ಸಾರ್, ಒಂದ್ಸಲ ಸ್ಟಾರ್ಟ್ ಮಾಡಿ, ಸೌಂಡ್ ಕೇಳ್ಬೇಕು" ಎಂದನು. "ಬ್ರೇಕ್ ಕೆಲಸ ನಡೀತಿದೆಯಪ್ಪ" ಎಂದೆ. "ಬ್ರೇಕ್ ಏನ್ ಮಹಾ ಬಿಡಿ ಸಾರ್" ಎಂದು ನಕ್ಕು ಹೊರಟುಹೋದನು. ಹುಡುಗ ಸಭ್ಯನೇ, ಆದರೆ ಆ ಮಾತು ಕಾಫಿಯಾದ ಮೇಲೂ ನನ್ನನ್ನು ಬಿಡಲಿಲ್ಲ.

1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬೀಳಲಾರಂಭಿಸಿ, 1996ರಲ್ಲಿ ಅದು ಮುಚ್ಚುವವರೆಗೂ ಈ ನಗರದ ಬೀದಿಗಳನ್ನು ತುಂಬಿದ ಜಾವಾ, ಯೆಜ್ಡಿ ಬೈಕುಗಳ ಜೋಡಿ ಸೈಲೆನ್ಸರುಗಳ ನಾದವನ್ನು ಮೈಸೂರಿನವರು ಅಭಿಮಾನದಿಂದ ನೆನೆಯುವುದು ಯುಕ್ತವೇ, ನಾನೂ ನೆನೆಯುತ್ತೇನೆ. ಆದರೆ ಆ ವಾಹನವು ಹೇಗೆ ನಿಲ್ಲುತ್ತದೆಂಬುದನ್ನು ಕುರಿತು ಒಬ್ಬರೂ ಆದರದಿಂದ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಕೆಲಸದ ಕ್ರಮವೇನೂ ಗಹನವಲ್ಲ. ಸ್ಪ್ಯಾನರ್ ಹಿಡಿದವರೆಲ್ಲರೂ ಬಲ್ಲರು. ಶೂಗಳ ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಕ್ಯಾಮಿಗೆ ಸವರುವ ಗ್ರೀಸು ಲೈನರಿಗೆ ತಾಗಕೂಡದು, ಅಷ್ಟೆ. ನನ್ನ ಮನಸ್ಸನ್ನು ಸೆರೆಹಿಡಿದದ್ದು ಬೇರೆ: ಬಿಚ್ಚಿಟ್ಟ ಶೂಗಳೆರಡರಲ್ಲಿ ಒಂದು ಮತ್ತೊಂದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಸವೆದಿತ್ತು. ಲಿವರು ಹಿಡಿದಾಗ ಕ್ಯಾಮು ಎರಡನ್ನೂ ಡ್ರಮ್ಮಿನತ್ತ ತಳ್ಳುವುದಾದರೂ, ಗಾಲಿ ತಿರುಗುವ ದಿಕ್ಕಿನಲ್ಲೇ ತೆರೆದುಕೊಳ್ಳುವ ಶೂವನ್ನು ತಿರುಗುವ ಡ್ರಮ್ಮೇ ತನ್ನತ್ತ ಸೆಳೆದು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಎದುರಿನದನ್ನಾದರೋ ದೂರ ತಳ್ಳುತ್ತದೆ. ಗಾಲಿಯ ವೇಗವೇ ಗಾಲಿಯನ್ನು ನಿಲ್ಲಿಸಲು ನೆರವಾಗುವ ಈ ಏರ್ಪಾಡಿನಷ್ಟು ಸುಂದರವಾದದ್ದು ಇಂಜಿನ್ನಿನಲ್ಲಿ ಯಾವುದಿದೆ?

ಇಂತಹ ವಸ್ತುವನ್ನು ನಮ್ಮವರು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಕಾಣಬೇಕಾದರೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಭಾನುವಾರ ನಿಲ್ಲಬೇಕು. ದೇವಿಯ ದರ್ಶನ ಮುಗಿಸಿದವರು, ಗುಟುಕು ಪೆಟ್ರೋಲು ಉಳಿಯುವುದೆಂದು, ಇಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಜಾರಿಕೊಂಡು ಬರುತ್ತಾರೆ. ಬೆಟ್ಟವು ನಗರದಿಂದ ಸುಮಾರು 300 ಮೀಟರ್ ಎತ್ತರ. ವಾಹನವೂ ಸವಾರನೂ ಕೂಡಿ 200 ಕಿಲೋ ಎಂದಿಟ್ಟುಕೊಂಡರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ ಒಂದೂವರೆ ಲೀಟರಿಗೂ ಮಿಕ್ಕ ನೀರನ್ನು ಕುದಿಸಬಹುದು. ಗಾಳಿಯೂ ಟೈರುಗಳೂ ಸ್ವಲ್ಪ ಪಾಲನ್ನು ವಹಿಸಿಕೊಂಡಾವು; ಯೆಜ್ಡಿಯಂತಹ ಎರಡು ಸ್ಟ್ರೋಕಿನ ಇಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಮೊದಲೇ ಅಲ್ಪ, ಅದನ್ನೂ ತ್ಯಜಿಸಿದ ಮೇಲೆ ಉಳಿದ ತಾಪವೆಲ್ಲವನ್ನೂ ಹೊರಬೇಕಾದದ್ದು ಈ ತೆಳುವಾದ ಲೈನರುಗಳೇ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾದ ಲೈನರು ಹಿಡಿತ ಕಳೆದುಕೊಳ್ಳುತ್ತದೆ. ಲಿವರು ಹ್ಯಾಂಡಲಿನವರೆಗೂ ಬಂದುಬಿಡುತ್ತದೆ. ಹಿಂದೆ ಹೆಂಡತಿಯನ್ನೂ ಮುಂದೆ ಮಗುವನ್ನೂ ಕೂರಿಸಿಕೊಂಡು ಹಾಗೆ ಇಳಿಯುವವರನ್ನು ಕಂಡಾಗಲೆಲ್ಲ, ಅಡ್ಡ ನಿಂತು ಗೇರಿಗೆ ಹಾಕಿರೆಂದು ಕೈಮುಗಿಯೋಣವೆನಿಸುತ್ತದೆ.

ತಡೆಯುವ ಮಾತು ಬಂದಾಗ ರಥವೂ ನೆನಪಾಗುತ್ತದೆ: ಕಠೋಪನಿಷತ್ತು ದೇಹವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಕಡಿವಾಣವೆಂದೂ ಕರೆದಿರುವುದು ಸರ್ವವಿದಿತ. ಅಲ್ಲಿ ಎಳೆಯುವುದು ಕುದುರೆ, ಅದಕ್ಕೆ ಕಡಿವಾಣವುಂಟು. ಜನರೇ ಎಳೆಯುವ ತೇರಿಗೆ ಏನುಂಟು? ಹಾಗೆ ಯೋಚಿಸುತ್ತ ಸ್ಪ್ರಿಂಗು ಕೂರಿಸುವುದನ್ನು ನಿಲ್ಲಿಸಿ, ನಾನು ಮನಸ್ಸಿನಲ್ಲೇ ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗಿಬಿಟ್ಟಿದ್ದೆ. ಶ್ರೀಕಂಠೇಶ್ವರನ ಗೌತಮ ರಥವು ಹೊರಟಾಗ ಸಹಸ್ರಾರು ಜನರು ಹಗ್ಗಕ್ಕೆ ಕೈಹಚ್ಚುತ್ತಾರೆ, ಹಣ್ಣುಜವನ ಎಸೆಯುತ್ತಾರೆ, ಎಲ್ಲರ ಕಣ್ಣೂ ಮೇಲಕ್ಕೆ; ಗಾಲಿಗಳ ಪಕ್ಕದಲ್ಲಿ ಮರದ ಬೆಣೆಗಳನ್ನು ಹಿಡಿದು ಬಾಗಿ ನಡೆಯುವ ಕೆಲವರ ಕಣ್ಣು ಮಾತ್ರ ನೆಲದ ಮೇಲೆ. ತೇರು ತಿರುಗುವುದೂ ನಿಲ್ಲುವುದೂ ಅವರ ಕೈಯಲ್ಲಿ. ಉತ್ಸವಮೂರ್ತಿ ಎದುರಿನಲ್ಲೇ ಇದ್ದರೂ ಆ ಹೊತ್ತಿನಲ್ಲಿ ತಲೆಯೆತ್ತಿ ದರ್ಶನ ಪಡೆಯುವ ಅವಕಾಶ ಅವರಿಗಿಲ್ಲ. ಮುಂದಿನ ಜಾತ್ರೆಗೆ ಹೋದಾಗ ಅವರಲ್ಲಿ ಹಿರಿಯರೊಬ್ಬರನ್ನು ಹುಡುಕಿ, ಉರುಳುತ್ತಿರುವ ಗಾಲಿಗೆ ಎಷ್ಟು ದೂರದಲ್ಲಿ ಬೆಣೆ ಕೊಡಬೇಕೆಂಬುದನ್ನು ಅವರು ಯಾರಿಂದ ಕಲಿತರೆಂದು ಕೇಳಬೇಕೆಂದಿದ್ದೇನೆ.