ಬುಟವಲ್ ಹಾದಿಯ ತಪಾಸಣೆ

ಎರಡು ದೇಶಗಳ ನಡುವಣ ಗಡಿಯೆಂದರೆ ಮುಳ್ಳುತಂತಿ, ಬಂದೂಕು, ಕಾವಲುಗಾರರು ಎಂದೇ ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಭಾರತ-ನೇಪಾಳಗಳ ಗಡಿಯು ಅಂಥದಲ್ಲ. ಸುಮಾರು 1,750 ಕಿಲೋಮೀಟರು ಉದ್ದದ ಈ ಗಡಿಯನ್ನು ಉಭಯ ದೇಶಗಳ ಪ್ರಜೆಗಳು ವೀಸಾ ಇಲ್ಲದೆ ದಾಟಬಹುದು. 1950ರಲ್ಲಿ ಆದ ಶಾಂತಿ ಮತ್ತು ಸ್ನೇಹದ ಒಪ್ಪಂದವೇ ಇದಕ್ಕೆ ಆಧಾರ. ಆದರೆ ತೆರೆದ ಬಾಗಿಲಿನಿಂದ ನೆಂಟರೂ ಬರುವರು, ಕಳ್ಳರೂ ಬರುವರು. ಈ ಮಾತಿನ ಅರ್ಥವು 2019ರ ದೀಪಾವಳಿಯ ರಜೆಯಲ್ಲಿ ನಮಗೆ ಮನದಟ್ಟಾಯಿತು.

ನಾವು ದಂಪತಿಗಳು ನಮ್ಮ ಅಕ್ಕನ ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ಗೋರಖಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಸುನೌಲಿಯ ಮಾರ್ಗವಾಗಿ ನೇಪಾಳವನ್ನು ಸೇರಿದೆವು. ಗಡಿಯ ಸುಂಕದ ಕಟ್ಟೆಯಲ್ಲಿ ಮೋಟಾರಿಗೆ ದಿನಕ್ಕಿಷ್ಟೆಂದು ಹಣ ತೆತ್ತು 'ಭನ್ಸಾರ್' ಎಂಬ ಚೀಟಿಯನ್ನು ಪಡೆದೆವು. ಲುಂಬಿನಿಯಲ್ಲಿ ಅಶೋಕನ ಸ್ತಂಭವನ್ನೂ ಪೋಖರಾದಲ್ಲಿ ಫೇವಾ ಸರೋವರವನ್ನೂ ಕಂಡೆವು. ಮರಳುವಾಗ ತಾನ್‌ಸೇನ್ ಪಟ್ಟಣದಲ್ಲಿ, ಅಲ್ಲಿಯ ಹೆಸರಾಂತ ಢಾಕಾ ಬಟ್ಟೆಯ ಶಾಲೊಂದನ್ನು ಹುಡುಗಿಗೆ ಕೊಡಿಸಿದೆವು. ಅವಳು ಅದನ್ನು ಹೊದ್ದುಕೊಂಡೇ ಕುಳಿತಳು.

ಬೆಟ್ಟದ ಹಾದಿಯನ್ನಿಳಿದು ಬುಟವಲ್ ಸಮೀಪಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಕಾಶನೀಲಿ ಅಂಗಿಯ ಪೋಲೀಸರು ಅಡ್ಡಬಂದು ಕೈಯೆತ್ತಿದರು. ಚಾಲಕನು ಕಾಗದಪತ್ರಗಳನ್ನು ತೋರಿಸಿದನು. ಅವರು ಅವನ್ನು ನೋಡಿಯೂ ನೋಡದಂತೆ ಹಿಂದಿರುಗಿಸಿ, ದೀಪವನ್ನು ಹುಡುಗಿಯ ಮುಖಕ್ಕೆ ಹಿಡಿದರು.

"ಈಕೆ ನಿಮಗೇನಾಗಬೇಕು? ತಂದೆ ತಾಯಿಗಳೆಲ್ಲಿ?"

ಮುಂಬಯಿಯಲ್ಲಿರುವರೆಂದು ಹೇಳಿದೊಡನೆ ಅವರ ಮುಖಗಳು ಬಿಗಿದುಕೊಂಡವು. ಶಾಲೆಯ ಗುರುತಿನ ಚೀಟಿಯನ್ನು ಮುಂದೊಡ್ಡಿದೆವು. ಪೋಲೀಸ್ ಮಹಿಳೆಯೊಬ್ಬರು ಹಿಂದಿಯಲ್ಲಿ, "ಚೀಟಿಯನ್ನು ಯಾರು ಬೇಕಾದರೂ ಮಾಡಿಸಿಯಾರು. ಮಗುವಿನೊಡನೆ ನಾನೊಬ್ಬಳೇ ಮಾತನಾಡಬೇಕು" ಎಂದು ಹುಡುಗಿಯನ್ನು ಕೆಳಗಿಳಿಸಿ ಇಪ್ಪತ್ತು ಹೆಜ್ಜೆ ದೂರಕ್ಕೆ ಕರೆದೊಯ್ದರು.

ಹೆತ್ತವರು ನಂಬಿ ಒಪ್ಪಿಸಿದ ಮಗು, ಪರದೇಶದ ಕತ್ತಲು, ನಮ್ಮ ಫೋನುಗಳಿಗೆ ಅಲ್ಲಿ ಸಂಪರ್ಕವಿಲ್ಲ. ರಾತ್ರಿಯೆಲ್ಲ ಅವಳನ್ನು ಠಾಣೆಯಲ್ಲಿ ಇರಿಸಿಕೊಂಡರೆ ಅಕ್ಕನಿಗೆ ಏನೆಂದು ಹೇಳುವುದು? ಆ ಹತ್ತು ನಿಮಿಷಗಳು ನಮಗೆ ಯುಗದಂತೆ ಕಳೆದವು.

ಆಮೇಲೆ ಆ ಮಹಿಳೆಯು ಹುಡುಗಿಯನ್ನು ನಮ್ಮೆದುರಿಗೆ ನಿಲ್ಲಿಸಿ, "ಮನೆಯಲ್ಲಿ ಆಡುವ ಭಾಷೆಯಲ್ಲಿ ಇವರೊಡನೆ ಮಾತನಾಡು, ಕೇಳೋಣ" ಎಂದರು.

ಹುಡುಗಿ ನಮ್ಮ ಕಡೆಗೆ ತಿರುಗಿ, "ಮಾಮಾ, ಏನ್ ಮಾತಾಡ್ಲಿ? ನನಗ ಭಾಳ ಹಸಿವಿ ಆಗೇದ. ಶೇಂಗಾ ಉಂಡಿ ಡಬ್ಬಿ ಎಲ್ಲಿ ಇಟ್ಟೀರಿ?" ಎಂದಳು.

"ಮಧ್ಯಾಹ್ನನ ಎಲ್ಲಾ ತಿಂದು ಮುಗಿಸಿದಿ, ಇನ್ನೆಲ್ಲಿ ಉಂಡಿ ತರ್ಲಿ?" ಎಂದು ಅವಳ ಮಾಮಿ ರೇಗಿದಳು.

ಆ ಮಹಿಳೆಗೆ ಕನ್ನಡದ ಒಂದಕ್ಷರವೂ ತಿಳಿಯದು. ಆದರೂ ನಕ್ಕುಬಿಟ್ಟರು. ಮುದ್ರೆ ಒತ್ತಿದ ಚೀಟಿಯು ಮಾಡಲಾರದ ಕೆಲಸವನ್ನು ಉಂಡಿಯ ಜಗಳವು ಮಾಡಿತು. ಕಲಿಸಿಕೊಟ್ಟ ಮಾತಿಗೂ ಮನೆಯ ಮಾತಿಗೂ ಇರುವ ಅಂತರವನ್ನು ಬಲ್ಲ ಜಾಣೆ ಆಕೆ.

ಹೊರಡುವ ಮುನ್ನ ಆಕೆಯೇ ಕಾರಣವನ್ನು ತಿಳಿಸಿದರು. ಕೆಲಸದ ಆಸೆಯನ್ನೋ ಮದುವೆಯ ಆಸೆಯನ್ನೋ ತೋರಿಸಿ ಬಡ ಹುಡುಗಿಯರನ್ನು ಗಡಿ ದಾಟಿಸಿ ಮಾರುವ ಪಾಪಿಗಳಿದ್ದಾರೆ. ಭಾರತದ ಮೋಟಾರು, ನೇಪಾಳದ ಶಾಲು, ಜೊತೆಯಲ್ಲಿ ಹೆತ್ತವರಿಲ್ಲ. ಸಂಶಯಕ್ಕೆ ಇಷ್ಟು ಸಾಕಾಗಿತ್ತು.

ಇದು ನಮಗೆ ದೂರದ ವಿಷಯವೇನಲ್ಲ. 1996ರಲ್ಲಿ ಮುಂಬಯಿಯಲ್ಲಿ ಪೋಲೀಸರು ಬಿಡಿಸಿದ ನೂರಾರು ಹೆಣ್ಣುಮಕ್ಕಳಲ್ಲಿ ಅನೇಕರು ನೇಪಾಳದವರಾಗಿದ್ದರು. ಇಂಥವರಿಗಾಗಿ ಅನುರಾಧಾ ಕೊಯಿರಾಲಾ ಅವರು 1993ರಲ್ಲಿ 'ಮೈತಿ ನೇಪಾಲ್' ಸಂಸ್ಥೆಯನ್ನು ಕಟ್ಟಿದರು. ನೇಪಾಳಿಯಲ್ಲಿ 'ಮೈತಿ' ಎಂದರೆ ತವರುಮನೆ. ಗಡಿಯ ಠಾಣೆಗಳಲ್ಲಿ ಆ ಸಂಸ್ಥೆಯ ಹೆಣ್ಣುಮಕ್ಕಳು ನಿಂತು ಹೋಗಿಬರುವವರನ್ನು ಗಮನಿಸುವರು. ಭಾರತ ಸರಕಾರವು ಕೊಯಿರಾಲಾ ಅವರಿಗೆ 2017ರಲ್ಲಿ ಪದ್ಮಶ್ರೀಯನ್ನಿತ್ತು ಗೌರವಿಸಿತು. ನೇಪಾಳವು 2007ರಲ್ಲಿ ಈ ಮಾರಾಟದ ವಿರುದ್ಧ ಕಾಯಿದೆಯನ್ನು ಮಾಡಿದೆ. 2015ರ ಏಪ್ರಿಲಿನ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನರು ಮಡಿದು ಮನೆಗಳು ನೆಲಸಮವಾದಾಗ, ನೆಲೆ ತಪ್ಪಿದ ಮಕ್ಕಳನ್ನು ಹೀಗೆ ಸಾಗಿಸುವರೆಂಬ ಭಯವು ಹೆಚ್ಚಿತು.

ವಿದ್ಯಾರ್ಥಿ ಮಿತ್ರರೇ, ಅಂದು ನಮ್ಮ ಹುಡುಗಿಯನ್ನು ಪ್ರಶ್ನಿಸಿದಂತೆಯೇ ಎಷ್ಟೋ ಮೋಟಾರುಗಳಲ್ಲಿಯ ಹುಡುಗಿಯರನ್ನು ಯಾರಾದರೂ ಪ್ರಶ್ನಿಸಬೇಕಾಗಿದೆ. ನಮ್ಮ ನಗರದ ರೈಲು ನಿಲ್ದಾಣಗಳಲ್ಲಿಯೂ ಬೆದರಿದ ಮಕ್ಕಳು ಅಪರಿಚಿತರೊಡನೆ ಬಂದಿಳಿಯುವುದುಂಟು. ಅಂಥ ಮಗುವು ನಿಮ್ಮ ಕಣ್ಣಿಗೆ ಬಿದ್ದರೆ ಸುಮ್ಮನೆ ಹಾದುಹೋಗಬೇಡಿರಿ. ಹತ್ತಿರದ ಹಿರಿಯರಿಗೋ ಪೋಲೀಸರಿಗೋ ತಿಳಿಸಿರಿ. ಇಲ್ಲವೆ 1098 ಎಂಬ ಮಕ್ಕಳ ಸಹಾಯವಾಣಿಗೆ ಫೋನು ಮಾಡಿರಿ. ಹಣ ಬೀಳದ ಕರೆ ಅದು. ಒಂದು ಮಗು ತವರುಮನೆ ಸೇರೀತು.