ಯವಾಸವ

ಪದಾರ್ಥವೊಂದರ ಗುಣದೋಷಗಳನ್ನು ವಿಚಾರಿಸದೆ ಅದರ ಹೆಸರನ್ನು ಕೇಳಿದ ಮಾತ್ರಕ್ಕೆ ತೀರ್ಪು ಕೊಡುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ವೈದ್ಯರು ಕೊಟ್ಟ ದ್ರಾಕ್ಷಾರಿಷ್ಟವನ್ನು ಮಡಿಯುಟ್ಟವರೂ ನಿಶ್ಶಂಕೆಯಿಂದ ಸೇವಿಸುವರು. ಬಿಯರ್ ಎಂಬ ಶಬ್ದವು ಬಿದ್ದರೆ ಅವರೇ ಕಿವಿಯನ್ನು ಮುಚ್ಚಿಕೊಳ್ಳುವರು. ಎರಡರಲ್ಲಿಯೂ ಮದ್ಯಾಂಶವು ಹುದುಗಿನಿಂದ ತಾನಾಗಿಯೇ ಹುಟ್ಟತಕ್ಕದ್ದು. ಈ ಸಂಗತಿಯನ್ನು ನಾನು ಆಲೋಚಿಸಬೇಕಾಗಿ ಬಂದುದು ಗ್ರಂಥದಿಂದಲ್ಲ, ನನ್ನ ಮಗನಿಂದ.

ಅವನು ಇಂಗ್ಲೆಂಡಿನಲ್ಲಿ ಉದ್ಯೋಗಸ್ಥನು. ಕಳೆದ ಬೇಸಗೆಯಲ್ಲಿ ಪತ್ನೀಸಮೇತನಾಗಿ ಮರವಂತೆಗೆ ಬಂದಿದ್ದನು. ನಮ್ಮೂರಿನಲ್ಲಿ ಹೆದ್ದಾರಿಯ ಪಡುವಲಿಗೆ ಸಮುದ್ರ, ಮೂಡಲಿಗೆ ಸೌಪರ್ಣಿಕಾ ನದಿ. ಒಂದು ಮೊರೆಯುವುದು, ಒಂದು ಮೌನವಾಗಿರುವುದು. ಅಂತಹ ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಅವನು, “ಅಪ್ಪಯ್ಯ, ಬೈಬೇಡಿ, ನಾನ್ ಮನೆಯಂಗೆ ಬಿಯರ್ ಮಾಡ್ತೆ” ಎಂದನು. ಆರು ವರ್ಷಗಳಿಂದ ಮಾಡುತ್ತಿದ್ದನಂತೆ. ನನಗೆ ನೋವಾದುದು ಬಿಯರಿಗಿಂತಲೂ ಆ ಆರು ವರ್ಷಗಳ ಮೌನಕ್ಕಾಗಿ.

ಅವನು ಹೆದರಿದ್ದಕ್ಕೆ ಕಾರಣವಿಲ್ಲದಿರಲಿಲ್ಲ. ಅಧ್ಯಾಪಕನಾಗಿದ್ದ ಕಾಲದಲ್ಲಿ ತಂದೆಯ ಕೂಲಿಯೆಲ್ಲ ಸಾರಾಯಿ ಅಂಗಡಿಗೆ ಸಂದುದರಿಂದ ಬರಿಹೊಟ್ಟೆಯಲ್ಲಿ ಶಾಲೆಗೆ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. 2007ರಲ್ಲಿ ಸರಕಾರವು ಸಾರಾಯಿಯನ್ನು ನಿಷೇಧಿಸಿದ ದಿನ ಮನೆಯಲ್ಲಿ ಪಾಯಸ ಮಾಡಿಸಿದೆನು. ಮಗನು ಆ ಪಾಯಸವನ್ನುಂಡವನು.

ಆದರೂ ತೀರ್ಪಿಗೆ ಮುಂಚೆ ಪ್ರಶ್ನೆಯನ್ನು ಕೇಳುವುದು ಪಾಠಶಾಲೆಯಲ್ಲಿ ಕಲಿತ ಅಭ್ಯಾಸ. “ಹೇಗೆ ಮಾಡುವೆ?” ಎಂದು ಕೇಳಿದೆನು. ಜವೆಗೋಧಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸುವರು. ಮಕ್ಕಳ ಮಣ್ಣಿಗಾಗಿ ನಮ್ಮ ಹೆಂಗಸರು ರಾಗಿಯನ್ನು ಮೊಳಕೆ ಕಟ್ಟಿ ಹುಡಿ ಮಾಡುವುದೂ ಹೀಗೆಯೇ. ಒಡೆದ ಆ ಕಾಳನ್ನು ಸುಮಾರು 66 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ ಅದರ ಪಿಷ್ಟವು ಸಕ್ಕರೆಯಾಗುವುದು. ಸೋಸಿದ ಸಿಹಿನೀರಿಗೆ ಹಾಪ್ಸ್ ಎಂಬ ಕಹಿಹೂಗಳನ್ನು ಹಾಕಿ ಇನ್ನೊಂದು ಗಂಟೆ ಕುದಿಸಿ, ಆರಿಸಿ, ಯೀಸ್ಟನ್ನು ಸೇರಿಸಿ ಎರಡು ವಾರ ಮುಚ್ಚಿಡುವರು. ಸೀಸೆಗೆ ತುಂಬುವಾಗ ಚಿಟಿಕೆ ಸಕ್ಕರೆ ಬಿದ್ದರೆ ಮತ್ತೆರಡು ವಾರಗಳಲ್ಲಿ ನೊರೆ ಕಟ್ಟುವುದು. ಬಣ್ಣವು ತಿಳಿಯಾಗಿರುವುದರಿಂದ ಇದಕ್ಕೆ ಪೇಲ್ ಏಲ್ ಎಂದು ಹೆಸರು.

ಕೇಳುತ್ತ ಕೇಳುತ್ತ ನನಗೆ ಅರಿಷ್ಟದ ಕ್ರಮವೇ ನೆನಪಾಯಿತು. ಕಷಾಯವನ್ನು ಕಾಯಿಸಿ, ಆರಿಸಿ, ಬೆಲ್ಲವನ್ನೂ ಧಾತಕೀಪುಷ್ಪವನ್ನೂ ಸೇರಿಸಿ, ಪಾತ್ರೆಯ ಬಾಯಿಗೆ ಸಂಧಿಬಂಧನ ಮಾಡಿ ಒಂದು ತಿಂಗಳು ಇಡುವುದು ವೈದ್ಯರ ವಿಧಿ. ಆ ಹೂವಿಗಂಟಿದ ಸೂಕ್ಷ್ಮಜೀವಿಗಳೇ ಅಲ್ಲಿನ ಯೀಸ್ಟು. ಮಗನ ಪಾನೀಯಕ್ಕೆ ನಾನು ಮನಸ್ಸಿನಲ್ಲಿಯೇ ‘ಯವಾಸವ’ವೆಂದು ಹೆಸರಿಟ್ಟೆನು. ಕುದಿಸಿದುದನ್ನು ಆಸವವೆನ್ನದೆ ಅರಿಷ್ಟವೆನ್ನಬೇಕೆಂದು ಪಂಡಿತರು ಆಕ್ಷೇಪಿಸಬಹುದು; ಆದರೆ ಅರಿಷ್ಟವೆಂದರೆ ಕೇಡೆಂಬ ಅರ್ಥವೂ ಇರುವುದರಿಂದ ಮಗನ ಕೆಲಸಕ್ಕೆ ಆ ಹೆಸರನ್ನಿಡಲು ಮನಸ್ಸಾಗಲಿಲ್ಲ.

ಮರುದಿನ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದೆನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಉದ್ಧರಿಸಿ 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥವದು. ಅದರ ಸುರಾಧ್ಯಕ್ಷ ಪ್ರಕರಣವು ಮಾರಾಟವನ್ನು ಬಿಗಿಯಾಗಿ ಕಟ್ಟುತ್ತದೆ. ಆದರೆ ಕುಟುಂಬಿಗಳಿಗೆ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಲು ಅನುಮತಿಸುತ್ತದೆ. ಇಂಗ್ಲೆಂಡಿನಲ್ಲಿಯೂ 1963ರಿಂದ ಸ್ವಂತ ಉಪಯೋಗಕ್ಕಾಗಿ ಬಿಯರ್ ಮಾಡಿಕೊಳ್ಳುವವರಿಗೆ ಪರವಾನಗಿ ಬೇಡವಾಗಿದೆ. ನಮ್ಮ ರಾಜ್ಯದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯವನ್ನು ಮಾಡುವುದು ಅಪರಾಧ. “ಇಲ್ಲಿಯೇ ಒಮ್ಮೆ ಮಾಡಿ ತೋರಿಸಲೇ?” ಎಂದು ಮಗನು ಕೇಳಿದಾಗ ಬೇಡವೆಂದುದು ಈ ಕಾರಣದಿಂದಲೇ.

ಅನಂತರ, “ಯಾರಿಗಾಗಿ ಮಾಡುವೆ?” ಎಂದು ಕೇಳಿದೆನು. ಅವನು ಒಳಗಿದ್ದ ಸೊಸೆಯ ಕಡೆಗೆ ನೋಡಿದನು. ಆಕೆ ಕೊಡಗಿನವಳು. ಮನೆಯಲ್ಲಿಯೇ ಹಣ್ಣಿನ ವೈನ್ ಮಾಡುವುದು ಆ ಸೀಮೆಯಲ್ಲಿ ಹೊಸತಲ್ಲ. ಆಕೆಯ ತಂದೆಗೆ ಕಿತ್ತಳೆಯ ತೋಟವಿತ್ತು. ಕೊಡಗಿನ ಎಷ್ಟೋ ತೋಟಗಳಂತೆ ಅದೂ ರೋಗ ತಗುಲಿ ಹಾಳಾಯಿತು, ತಂದೆಯೂ ಈಗಿಲ್ಲ. ಪರದೇಶದ ಚಳಿಗಾಲದಲ್ಲಿ ಆಕೆ ಮಂಕಾಗಿ ಕುಳಿತಿರುವುದನ್ನು ಕಂಡು, ಅವನು ಕಿತ್ತಳೆಯ ಸಿಪ್ಪೆಯನ್ನು ಹಾಕಿ ಇದನ್ನು ಮಾಡತೊಡಗಿದನಂತೆ. “ಆದರೆ ಆ ಪರಿಮಳ ಮಾತ್ರ ನಿಲ್ಲುವುದಿಲ್ಲ” ಎಂದನು.

ಅಲ್ಲಿಯವರೆಗೆ ಸುಮ್ಮನೆ ಬತ್ತಿ ಹೊಸೆಯುತ್ತಿದ್ದ ನನ್ನ ಗೃಹಿಣಿಯು, “ಕುದಿವಾಗ ಹಾಕ್ರೆ ಪರಿಮಳ ಎಲ್ಲ್ ಉಳಿತ್ ಮಗಾ? ಸಾರಿಗೆ ನಿಂಬಿಹುಳಿ ಹಿಂಡುದ್ ಒಲಿಯಿಂದ ಇಳ್ಸಿದ್ ಮೇಲ್ ಅಲ್ದಾ?” ಎಂದಳು. ಸಿಪ್ಪೆಯ ಒಳಗಿನ ಬಿಳಿಯನ್ನು ಸೇರಿಸಿದರೆ ಬರಿಯ ಕಹಿಯೆಂದೂ, ಮೇಲಿನ ಬಣ್ಣವನ್ನಷ್ಟೆ ತೆಳ್ಳಗೆ ಹೆರೆಯಬೇಕೆಂದೂ ಹೇಳಿ, ಹಿತ್ತಿಲಿನಿಂದ ಕಂಚಿಕಾಯಿಯೊಂದನ್ನು ತಂದು ಹೆರೆದೇ ತೋರಿಸಿದಳು. ಜೀವಮಾನದಲ್ಲಿ ಮದ್ಯವನ್ನು ಮೂಸಿ ನೋಡದವಳು ಮದ್ಯಕ್ಕೆ ಸೂತ್ರವನ್ನು ಹೇಳುವುದನ್ನು ಕಂಡು ಸೊಸೆಯು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮದುವೆಯಾದ ಮೇಲೆ ಆ ಇಬ್ಬರು ಹೆಂಗಸರು ಅಷ್ಟು ಹೊತ್ತು ಒಟ್ಟಿಗೆ ಕುಳಿತು ಮಾತನಾಡಿದುದು ಅದೇ ಮೊದಲು.

ದೀಪಾವಳಿಗೆ ದೂರವಾಣಿಯಲ್ಲಿ ಮಾತನಾಡಿದವಳು ಸೊಸೆಯೇ. ಅತ್ತೆಯವರ ಕ್ರಮದಂತೆ ಒಲೆಯಾರಿಸಿದ ಮೇಲೆ ಸಿಪ್ಪೆ ಹಾಕಿದರೆಂದೂ, ಸೀಸೆಯನ್ನು ತೆರೆದಾಗ ತಂದೆಯವರು ಕೈಯಲ್ಲಿ ಹಣ್ಣು ಸುಲಿಯುತ್ತಿದ್ದುದು ನೆನಪಾಯಿತೆಂದೂ ಹೇಳಿದಳು. ಮುಂದೆ ಮಾತು ಹೊರಡಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ನಾನು ಆ ಪಾನೀಯವನ್ನು ಕುಡಿದಿಲ್ಲ, ಕುಡಿಯುವುದೂ ಇಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾನು ಮರೆತವನೂ ಅಲ್ಲ. ಮಗನಿಗೆ ವಿಧಿಸಿದ ನಿಯಮಗಳು ಮೂರು: ವೈದ್ಯನಂತೆ ಅಳತೆಯನ್ನು ಮೀರಬಾರದು, ಬೇಡವೆಂದವರಿಗೆ ನೀಡಬಾರದು, ಹೆತ್ತವರಿಂದ ಮುಚ್ಚಿಡಬಾರದು. ಮೊದಲಿನ ಎರಡಕ್ಕೆ ಅವನು ಒಡನೆಯೆ ಒಪ್ಪಿದನು. ಮೂರನೆಯದಕ್ಕೆ, “ನೀವು ಹೀಗೆಯೇ ಕೇಳುತ್ತಿದ್ದರೆ ಹೇಳುತ್ತೇನೆ” ಎಂದನು. ಆ ನಿಯಮವು ನನಗೂ ಅನ್ವಯಿಸುವುದೆಂದು ಒಪ್ಪಿಕೊಂಡಿದ್ದೇನೆ.